ಒಣಗಿದ ಕಣ್ಣು ಮತ್ತು ನಮ್ಮ ಊಟದ ತಟ್ಟೆ: ಒಂದು ಚರಿತ್ರೆ



ಕಣ್ಣು ಉರಿಯುತ್ತದೆ, ಮರಳು ಬಿದ್ದಂತೆ ಚುಚ್ಚುತ್ತದೆ, ಸಂಜೆಯಾದರೆ ಕೆಂಪಾಗುತ್ತದೆ ಎಂಬ ಮಾತು ಈಗ ನಮ್ಮ ಮನೆಗಳಲ್ಲಿ ಆಗಾಗ ಕೇಳುತ್ತದೆ. ಪರೀಕ್ಷೆಗೆ ಓದುವ ಮಕ್ಕಳು, ಮೊಬೈಲ್ ಹಿಡಿದು ಕೂರುವ ನಾವು, ವಯಸ್ಸಾದ ಅತ್ತೆ, ಅಜ್ಜಿ, ಎಲ್ಲರದೂ ಒಂದೇ ದೂರು. ಅದರ ಹಿಂದೆಯೇ ಇನ್ನೊಂದು ಮಾತೂ ಬರುತ್ತದೆ: ‘ವಿಟಮಿನ್ ಕಡಿಮೆ ಆಗಿರಬೇಕು, ಒಂದು ಡಬ್ಬಿ ಮಾತ್ರೆ ತಂದುಬಿಡೋಣ.’

ಈ ಮಾತು ಅರ್ಧ ನಿಜ. ಕಣ್ಣಿನ ಒಣಗುವಿಕೆಗೂ ಆಹಾರಕ್ಕೂ ನಂಟಿದೆ ಎಂಬುದನ್ನು ವೈದ್ಯಲೋಕ ಬಹಳ ಕಷ್ಟಪಟ್ಟು, ಸಾವಿರಾರು ಮಕ್ಕಳ ಕಣ್ಣು ಹೋದ ಮೇಲೆ ಕಲಿಯಿತು. ಆದರೆ ಆ ಪಾಠ ಒಂದು ಬಗೆಯ ಒಣಗುವಿಕೆಗೆ ಸಂಬಂಧಿಸಿದ್ದು. ಇಂದು ನಮ್ಮಲ್ಲಿ ಹೆಚ್ಚಿನವರಿಗೆ ಇರುವುದು ಇನ್ನೊಂದು ಬಗೆ. ಎರಡಕ್ಕೂ ನಾವು ‘ಕಣ್ಣು ಒಣಗಿದೆ’ ಎಂದೇ ಹೇಳುತ್ತೇವೆ. ಎರಡನ್ನೂ ಒಂದೇ ಎಂದು ತಿಳಿದರೆ ಒಂದು ಕಡೆ ಹಣ ದಂಡ, ಇನ್ನೊಂದು ಕಡೆ ಮಗುವಿನ ಕಣ್ಣಿಗೇ ಕುತ್ತು. ಆದ್ದರಿಂದ ಈ ಸಲ ನಾವು ಈ ಎರಡು ಒಣಗುವಿಕೆಗಳ ಚರಿತ್ರೆಯನ್ನು ಓದೋಣ. ಅದರಲ್ಲಿ ನಮ್ಮ ಗುಂಜೋಟಿ, ಉಮರ್ಗಾ, ನಿಲಂಗಾ, ಉದ್ಗೀರ್ ಸೀಮೆಗೂ ಪಾಲಿದೆ.

ಇರುಳುಗಣ್ಣು ಮತ್ತು ಆಡಿನ ಯಕೃತ್ತು

ಹಗಲು ಚೆನ್ನಾಗಿ ಕಾಣುವ ಮಗು ಕತ್ತಲಾದ ಕೂಡಲೇ ತಡವರಿಸುತ್ತದೆ. ಹೊಸ್ತಿಲು ಎಡವುತ್ತದೆ, ತಟ್ಟೆಯನ್ನು ಕೈಯಿಂದ ಹುಡುಕುತ್ತದೆ. ಇದನ್ನು ಕನ್ನಡದಲ್ಲಿ ಇರುಳುಗಣ್ಣು, ಇರುಳುಗುರುಡು ಎನ್ನುತ್ತೇವೆ. ನಮ್ಮ ನೆರೆಯ ಮರಾಠಿಯಲ್ಲಿ ರಾತಾಂಧಳೆಪಣಾ ಎನ್ನುತ್ತಾರೆ. ಹಳೆಯ ಆಯುರ್ವೇದದಲ್ಲಿ ಇದರ ಹೆಸರು ನಕ್ತಾಂಧ್ಯ. ಸುಶ್ರುತ ಸಂಹಿತೆ ಇದಕ್ಕೆ ಆಡಿನ ಯಕೃತ್ತನ್ನು ಹಿಪ್ಪಲಿಯೊಂದಿಗೆ ಬೇಯಿಸಿ ಕೊಡಲು ಹೇಳುತ್ತದೆ. ಪ್ರಾಚೀನ ಈಜಿಪ್ಟಿನ ವೈದ್ಯರೂ ಗ್ರೀಕ್ ವೈದ್ಯರೂ ಯಕೃತ್ತನ್ನೇ ಸೂಚಿಸಿದ್ದರು. ಬೈಬಲಿನ ತೊಬಿತನ ಕಥೆಯಲ್ಲಿ ಮೀನಿನ ಪಿತ್ತದಿಂದ ಕಣ್ಣು ತೆರೆದದ್ದು ನಿಮಗೆ ನೆನಪಾಗಬಹುದು. ಆದರೆ ಅಲ್ಲಿ ಹೇಳಿರುವುದು ಕಣ್ಣಿನ ಮೇಲೆ ಬೆಳೆದ ಬಿಳಿಯ ಪೊರೆ, ಇರುಳುಗಣ್ಣಲ್ಲ.

ಯಕೃತ್ತೇ ಏಕೆ ಎಂಬುದು ಆ ಕಾಲದವರಿಗೆ ಗೊತ್ತಿರಲಿಲ್ಲ. ಗುಣವಾಗುತ್ತದೆ ಎಂಬುದಷ್ಟೇ ಗೊತ್ತಿತ್ತು. ಸುಶ್ರುತ ಸಂಹಿತೆ ‘ಶುಷ್ಕಾಕ್ಷಿಪಾಕ’ ಎಂಬ ಇನ್ನೊಂದು ರೋಗವನ್ನೂ ಹೆಸರಿಸುತ್ತದೆ. ರೆಪ್ಪೆ ಗಡುಸಾಗಿ, ಕಣ್ಣು ತೆರೆಯಲು ಕಷ್ಟವಾಗಿ, ನೋಟ ಮಸುಕಾಗುವ ರೋಗ ಅದು. ಅದಕ್ಕೆ ಹೇಳಿದ ಚಿಕಿತ್ಸೆ ತುಪ್ಪದ ಸುತ್ತ ಇದೆ. ಅಂದರೆ ಇರುಳುಗಣ್ಣು ಬೇರೆ, ಕಣ್ಣಿನ ಒಣಗು ಬೇರೆ ಎಂದು ಅವರು ಆಗಲೇ ಗುರುತಿಸಿದ್ದರು.

ಅನಾಥಾಲಯದ ಮಕ್ಕಳು ಕಲಿಸಿದ ಪಾಠ

1863ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ವೈದ್ಯ ಪಿಯೆರ್ ಬಿಟೋ ಅಲ್ಲಿಯ ಅನಾಥಾಲಯದ ಮಕ್ಕಳ ಕಣ್ಣಿನ ಬಿಳಿಭಾಗದಲ್ಲಿ ಸೋಪಿನ ನೊರೆಯಂಥ ಬೂದು ಮಚ್ಚೆಗಳನ್ನು ಕಂಡರು. ಮಚ್ಚೆ ಇದ್ದ ಮಕ್ಕಳಿಗೆ ಇರುಳುಗಣ್ಣೂ ಇತ್ತು. ಇಂದಿಗೂ ವೈದ್ಯರು ಅವನ್ನು ‘ಬಿಟೋ ಮಚ್ಚೆ’ ಎಂದೇ ಕರೆಯುತ್ತಾರೆ. ಈ ಕಾಯಿಲೆಯ ದೊಡ್ಡ ಹೆಸರು ಜೆರೋಫ್ತಾಲ್ಮಿಯಾ. ಆ ಗ್ರೀಕ್ ಪದದ ಅರ್ಥ ಬರೀ ‘ಒಣಗಣ್ಣು’.

1904ರಲ್ಲಿ ಜಪಾನಿನ ವೈದ್ಯ ಮೋರಿ ಹೀಗೆಯೇ ಕಣ್ಣು ಒಣಗಿದ ನೂರಾರು ಹಳ್ಳಿ ಮಕ್ಕಳ ಬಗ್ಗೆ ಬರೆದರು. ಅವರ ಊಟದಲ್ಲಿ ಧಾನ್ಯ, ತರಕಾರಿ ಬಿಟ್ಟರೆ ಕೊಬ್ಬಿನ ಅಂಶ ಇರಲಿಲ್ಲ. ಕಾಡ್ ಮೀನಿನ ಯಕೃತ್ತಿನ ಎಣ್ಣೆ, ಕೋಳಿಯ ಯಕೃತ್ತು ಕೊಟ್ಟಾಗ ಅವರು ಗುಣವಾದರು. ಕೊಬ್ಬಿನ ಕೊರತೆಯೇ ಕಾರಣ ಎಂದು ಮೋರಿ ಭಾವಿಸಿದರು. ಗುರಿಯ ಹತ್ತಿರಕ್ಕೆ ಬಂದಿದ್ದರು, ಪೂರ್ತಿ ಮುಟ್ಟಿರಲಿಲ್ಲ.

ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಡೆನ್ಮಾರ್ಕಿನಲ್ಲಿ ನಡೆದದ್ದು ಇನ್ನೂ ಕಣ್ತೆರೆಸುವಂಥದ್ದು. ಅದು ಹಾಲು ಬೆಣ್ಣೆಯ ದೇಶ. ಆದರೆ ಬೆಣ್ಣೆಗೆ ಹೊರದೇಶದಲ್ಲಿ ಒಳ್ಳೆಯ ಬೆಲೆ ಇತ್ತು. ಬೆಣ್ಣೆಯೆಲ್ಲ ಹಡಗು ಹತ್ತಿತು. ಬಡವರ ಮಕ್ಕಳಿಗೆ ಕೆನೆ ತೆಗೆದ ಹಾಲು ಮತ್ತು ಮಾರ್ಗರಿನ್ ಉಳಿಯಿತು. ಮಕ್ಕಳ ಕಣ್ಣು ಒಣಗಲು ಶುರುವಾಯಿತು. ಕೋಪನ್‌ಹೇಗನ್ನಿನ ಮಕ್ಕಳ ವೈದ್ಯ ಕಾರ್ಲ್ ಬ್ಲೋಕ್ ಇದನ್ನು ಗಮನಿಸಿದರು. ಅನಾಥಾಲಯವೊಂದರಲ್ಲಿ ಕೆನೆಭರಿತ ಹಾಲು ಕುಡಿದ ಮಕ್ಕಳು ಚೆನ್ನಾಗಿದ್ದರು, ಅದು ಸಿಗದ ಮಕ್ಕಳಿಗೆ ರೋಗ ಬಂದಿತ್ತು. 1917ರ ನಂತರ ಯುದ್ಧದಿಂದಾಗಿ ಹಡಗುಗಳ ಓಡಾಟಕ್ಕೆ ಅಡ್ಡಿಯಾಗಿ ಬೆಣ್ಣೆ ದೇಶದೊಳಗೇ ಉಳಿಯಿತು, ಪಡಿತರದಲ್ಲಿ ಎಲ್ಲರಿಗೂ ಹಂಚಿಕೆಯಾಯಿತು. ರೋಗ ತಾನಾಗಿ ಇಳಿಯಿತು. ಹಾಲು ಕರೆಯುವ ಊರಿನಲ್ಲೇ ಮಗು ಹಾಲಿಲ್ಲದೆ ಕುರುಡಾಗಬಹುದು ಎಂಬುದನ್ನು ನಾವು ಮರೆಯಬಾರದು. ಡೇರಿಗೆ ಹಾಲು ಹಾಕುವ ನಮ್ಮ ಹಳ್ಳಿಗಳಿಗೂ ಈ ಮಾತು ಸಲ್ಲುತ್ತದೆ.

ಬೆಣ್ಣೆಯೊಳಗಿನ ಆ ವಸ್ತು

1913ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಎಲ್ಮರ್ ಮೆಕಾಲಮ್ ಮತ್ತು ಮಾರ್ಗರೆಟ್ ಡೇವಿಸ್ ಎಂಬವರು ಇಲಿಗಳಿಗೆ ಬೇರೆ ಬೇರೆ ಕೊಬ್ಬು ತಿನ್ನಿಸಿ ನೋಡಿದರು. ಬೆಣ್ಣೆ, ಮೊಟ್ಟೆಯ ಹಳದಿ ತಿಂದವು ಬೆಳೆದವು. ಹಂದಿ ಕೊಬ್ಬು, ಆಲಿವ್ ಎಣ್ಣೆ ತಿಂದವುಗಳ ಬೆಳವಣಿಗೆ ನಿಂತಿತು. ಅದೇ ವರ್ಷ ಆಸ್ಬೋರ್ನ್ ಮತ್ತು ಮೆಂಡೆಲ್ ಕೂಡ ಇದನ್ನೇ ಕಂಡರು. ಅಂದರೆ ಎಲ್ಲ ಕೊಬ್ಬೂ ಒಂದಲ್ಲ, ಕೆಲವು ಕೊಬ್ಬಿನಲ್ಲಿ ಮಾತ್ರ ಏನೋ ಒಂದು ವಸ್ತು ಇದೆ. ಅದಕ್ಕೆ ಮುಂದೆ ‘ವಿಟಮಿನ್ ಎ’ ಎಂಬ ಹೆಸರು ಬಂತು.

ಹಾಗಾದರೆ ಬೆಣ್ಣೆ, ಮೊಟ್ಟೆ, ಯಕೃತ್ತು ಕೊಳ್ಳಲಾಗದ ಬಡವರ ಗತಿಯೇನು? ಇದಕ್ಕೆ ಉತ್ತರ ಸೊಪ್ಪಿನಲ್ಲಿತ್ತು. ಹಸಿರು ಸೊಪ್ಪು, ಗಜ್ಜರಿ, ಮಾವಿನ ಹಣ್ಣು, ಪಪ್ಪಾಯಿಗಳಲ್ಲಿ ಕ್ಯಾರೊಟಿನ್ ಎಂಬ ಬಣ್ಣ ಇರುತ್ತದೆ. ದೇಹ ಅದನ್ನೇ ವಿಟಮಿನ್ ಎ ಆಗಿ ಮಾರ್ಪಡಿಸಿಕೊಳ್ಳುತ್ತದೆ ಎಂದು 1930ರಲ್ಲಿ ಥಾಮಸ್ ಮೂರ್ ತೋರಿಸಿದರು. ಸೊಪ್ಪಿನ ಕ್ಯಾರೊಟಿನ್ ದೇಹಕ್ಕೆ ಹತ್ತಬೇಕಾದರೆ ಜೊತೆಗೆ ಸ್ವಲ್ಪ ಎಣ್ಣೆಯೋ ತುಪ್ಪವೋ ಬೇಕು. ನಮ್ಮ ಅಜ್ಜಿಯಂದಿರು ಪಲ್ಯಕ್ಕೆ ಹಾಕುತ್ತಿದ್ದ ಕುಸುಬಿ ಎಣ್ಣೆಯ ಒಗ್ಗರಣೆ ಈ ಕೆಲಸವನ್ನು ಮಾಡುತ್ತಿತ್ತು.

ಈ ವಿಟಮಿನ್ ಕಣ್ಣಿನಲ್ಲಿ ಎರಡು ಕೆಲಸ ಮಾಡುತ್ತದೆ. ಮೊದಲನೆಯದು, ಮಂದ ಬೆಳಕಿನಲ್ಲಿ ನೋಡಲು ಬೇಕಾದ ಬಣ್ಣದ ವಸ್ತುವನ್ನು ಕಣ್ಣಿನ ಹಿಂಪರದೆಯಲ್ಲಿ ತಯಾರಿಸುತ್ತದೆ. ಇದನ್ನು ಬಿಡಿಸಿ ಹೇಳಿದ ಜಾರ್ಜ್ ವಾಲ್ಡ್ ಅವರಿಗೆ 1967ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಎರಡನೆಯದು, ಕಣ್ಣೀರನ್ನು ಕಣ್ಣಿನ ಮೇಲೆ ಅಂಟಿಸಿ ಹಿಡಿಯುವ ಲೋಳೆಯನ್ನು ಒಸರುವ ಜೀವಕೋಶಗಳನ್ನು ಕಾಪಾಡುತ್ತದೆ. ವಿಟಮಿನ್ ತೀರಿದರೆ ಮೊದಲು ಇರುಳುಗಣ್ಣು, ಆಮೇಲೆ ಬಿಳಿಭಾಗದ ಹೊಳಪು ಹೋಗಿ ಸುಕ್ಕು, ಬಿಟೋ ಮಚ್ಚೆ, ಕೊನೆಗೆ ಕರಿಗುಡ್ಡೆಯ ಮುಂದಿನ ಪಾರದರ್ಶಕ ಪದರ ಒಣಗಿ ಕರಗಿಹೋಗುತ್ತದೆ. ಮೊದಲ ಹಂತಗಳಲ್ಲಿ ಸುಲಭವಾಗಿ ಗುಣವಾಗುತ್ತದೆ. ಆ ಪದರ ಕರಗಿದ ಮೇಲೆ ದೃಷ್ಟಿ ಮರಳುವುದಿಲ್ಲ.

ಬರಗಾಲದ ನಮ್ಮ ಸೀಮೆ

ಭಾರತದಲ್ಲಿ ಆಹಾರದ ಸಂಶೋಧನೆ ಶುರುವಾದದ್ದು ನೀಲಗಿರಿಯ ಕೂನೂರಿನಲ್ಲಿ, ರಾಬರ್ಟ್ ಮೆಕ್ಯಾರಿಸನ್ ಅವರ ಪ್ರಯೋಗಾಲಯದಲ್ಲಿ. ಅವರ ನಂತರ ಬಂದ ಡಬ್ಲ್ಯು. ಆರ್. ಐಕ್ರಾಯ್ಡ್ ಮತ್ತು ಮದರಾಸಿನ ಕಣ್ಣಿನ ವೈದ್ಯ ರೈಟ್ 1937ರಲ್ಲಿ, ಕಣ್ಣು ಕರಗುತ್ತಿದ್ದ ಬಡಮಕ್ಕಳಿಗೆ ಕೆಂಪು ತಾಳೆ ಎಣ್ಣೆಯಿಂದ ಚಿಕಿತ್ಸೆ ಕೊಟ್ಟ ಬಗ್ಗೆ ಬರೆದರು. ಆ ಕೆಂಪು ಬಣ್ಣವೂ ಕ್ಯಾರೊಟಿನ್ನಿನದೇ.

ಆಗ ನಮ್ಮ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಗೆ ಸೇರಿತ್ತು, ನಿಲಂಗಾ ಮತ್ತು ಉದ್ಗೀರ್ ಬೀದರ್ ಜಿಲ್ಲೆಗೆ. 1956ರಲ್ಲಿ ಭಾಷೆಯ ಆಧಾರದ ಮೇಲೆ ಗಡಿ ಎಳೆದಾಗ ನಾವು ಮುಂಬಯಿ ರಾಜ್ಯಕ್ಕೆ, 1960ರಲ್ಲಿ ಮಹಾರಾಷ್ಟ್ರಕ್ಕೆ ಬಂದೆವು. ಎರಡು ವರ್ಷದ ನಂತರ, 1958ರಲ್ಲಿ, ಕೂನೂರಿನ ಪ್ರಯೋಗಾಲಯ ಹೈದರಾಬಾದಿಗೆ ಬಂತು. 1969ರಲ್ಲಿ ಅದಕ್ಕೆ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಎಂಬ ಹೆಸರಾಯಿತು. ಆಡಳಿತದಲ್ಲಿ ನಾವು ಹೈದರಾಬಾದಿನಿಂದ ದೂರವಾದರೂ ನಮ್ಮದೇ ಬಗೆಯ ಒಣಭೂಮಿಯ, ಜೋಳ ಉಣ್ಣುವ ಜನರ ಊಟವನ್ನು ಅಳೆದು ತೂಗುವ ಕೆಲಸ ಅಲ್ಲಿ ನಡೆಯಿತು.

ಬಿಳಿಜೋಳದ ರೊಟ್ಟಿ, ಬೇಳೆ, ಖಾರ, ಇವು ಹೊಟ್ಟೆ ತುಂಬಿಸುತ್ತವೆ, ಬಲ ಕೊಡುತ್ತವೆ. ಆದರೆ ಬಿಳಿಜೋಳದಲ್ಲಿ ವಿಟಮಿನ್ ಎ ಇಲ್ಲವೆನ್ನುವಷ್ಟು ಕಡಿಮೆ. ಅದು ಬರಬೇಕಾದದ್ದು ಪುಂಡಿಪಲ್ಯ, ಮೆಂತ್ಯ, ರಾಜಗಿರಿ, ನುಗ್ಗೆ ಸೊಪ್ಪಿನಿಂದ, ಎಮ್ಮೆ ಹಾಲಿನಿಂದ, ಮೊಟ್ಟೆಯಿಂದ. ಬರ ಬಿದ್ದರೆ ಇವೇ ಮೊದಲು ಮಾಯವಾಗುತ್ತವೆ. ಹೊಲದ ಬದುವಿನ ಸೊಪ್ಪು ಒಣಗುತ್ತದೆ, ಮೇವಿಲ್ಲದೆ ದನ ಮಾರಾಟವಾಗುತ್ತವೆ, ಹಾಲು ನಿಲ್ಲುತ್ತದೆ. ಕಾಳು ಎಲ್ಲಿಂದಲಾದರೂ ತರಬಹುದು. ಹಸಿ ಸೊಪ್ಪನ್ನು ದೂರದಿಂದ ತರುವುದು ಆಗ ಆಗುತ್ತಿರಲಿಲ್ಲ. ಸಾಲದ್ದಕ್ಕೆ ಬರಗಾಲದಲ್ಲಿ ಭೇದಿ, ದಡಾರ ಹರಡುತ್ತವೆ. ದಡಾರ ಬಂದ ಮಗುವಿನ ಮೈಯಲ್ಲಿ ಉಳಿದಿದ್ದ ಅಷ್ಟಿಷ್ಟು ವಿಟಮಿನ್ ಕೂಡ ಕೆಲವೇ ದಿನಗಳಲ್ಲಿ ಖರ್ಚಾಗುತ್ತದೆ.

ನಮ್ಮ ಹಿರಿಯರು ಇಂದಿಗೂ ‘ಬಹಾತ್ತರಚಾ ದುಷ್ಕಾಳ’ ಎಂದು ನೆನೆಯುವ 1972ರ ಬರವನ್ನು ಈ ಕಣ್ಣಿನಿಂದ ನೋಡಬೇಕು. 1973ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಲ್ಲಿ ಸುಮಾರು 50 ಲಕ್ಷ ಜನ ಸರ್ಕಾರದ ಬರಗಾಲದ ಕಾಮಗಾರಿಗಳಲ್ಲಿ ಕಲ್ಲು ಒಡೆದರು, ಮಣ್ಣು ಹೊತ್ತರು. ಸುಕಡಿ ಹಂಚಿದರು, ಹೊರದೇಶದ ಕೆಂಪು ಮಿಲೋ ಜೋಳ ಬಂತು. ಹಸಿವಿನಿಂದ ಸಾಯುವುದು ಬಹುಮಟ್ಟಿಗೆ ತಪ್ಪಿತು. ಆದರೆ ಹೊಟ್ಟೆ ತುಂಬಿದ ಮಾತ್ರಕ್ಕೆ ಕಣ್ಣಿನ ಹಸಿವು ಹಿಂಗುವುದಿಲ್ಲ ಎಂಬುದನ್ನು ಬೋರ್ಡೋ, ಜಪಾನ್, ಡೆನ್ಮಾರ್ಕಿನ ಮಕ್ಕಳು ಅದಾಗಲೇ ತೋರಿಸಿದ್ದರು.

ಒಂದು ಚಮಚ ಹನಿ

ವಿಟಮಿನ್ ಎ ಕೊಬ್ಬಿನಲ್ಲಿ ಕರಗುತ್ತದೆ, ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಸುಶ್ರುತರ ಕಾಲದಲ್ಲಿ ಆಡಿನ ಯಕೃತ್ತು ಕೆಲಸ ಮಾಡಿದ್ದಕ್ಕೆ ಕಾರಣ ಇದೇ. ಹಾಗಾದರೆ ಮಗುವಿಗೆ ಒಮ್ಮೆಗೇ ಹೆಚ್ಚು ಕೊಟ್ಟು ಅದರ ಯಕೃತ್ತಿನಲ್ಲೇ ಕೂಡಿಟ್ಟರೆ? ಹೈದರಾಬಾದಿನ ವಿಜ್ಞಾನಿಗಳು 1960ರ ದಶಕದಲ್ಲಿ ಇದನ್ನು ಪರೀಕ್ಷಿಸಿದರು. ಆಗ ಆ ಸಂಸ್ಥೆಯ ನಿರ್ದೇಶಕರು ಡಾ. ಸಿ. ಗೋಪಾಲನ್. 1970ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು: 1ರಿಂದ 5 ವರ್ಷದ ಮಕ್ಕಳಿಗೆ ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್ ವಿಟಮಿನ್ ಎ. ನಂತರ ಇದನ್ನು ದಡಾರದ ಲಸಿಕೆಯ ಜೊತೆ ಸೇರಿಸಿದರು. ಈಗಿನ ಪದ್ಧತಿಯಲ್ಲಿ 9 ತಿಂಗಳಿಗೆ 1 ಲಕ್ಷ ಯೂನಿಟ್, ಆಮೇಲೆ ಒಂದೂವರೆ ವರ್ಷದ ಸುಮಾರಿಗೆ 2 ಲಕ್ಷ, ಅಲ್ಲಿಂದ ಆರು ತಿಂಗಳಿಗೊಮ್ಮೆ, ಐದು ವರ್ಷದೊಳಗೆ ಒಟ್ಟು 9 ಸಲ.

ಇದೇ ಹಾದಿಯಲ್ಲಿ ಇನ್ನಿಬ್ಬರ ಹೆಸರು ಹೇಳಬೇಕು. ಡೊನಾಲ್ಡ್ ಮೆಕ್ಲಾರೆನ್ 1950ರ ದಶಕದಲ್ಲಿ ಒಡಿಶಾದಲ್ಲಿ ಮಿಷನ್ ವೈದ್ಯರಾಗಿದ್ದರು. ಫುಲಬಾನಿ, ಗಂಜಾಂ ಜಿಲ್ಲೆಗಳ ಮಕ್ಕಳ ಕಣ್ಣು ಏಕೆ ಕರಗುತ್ತಿದೆ ಎಂದು ಹುಡುಕಿ ಬರೆದರು. ಚಿಕಿತ್ಸೆ ಕೊಟ್ಟು ಸುಮ್ಮನಾಗದೆ ‘ಈ ಮಗು ಮನೆಯಲ್ಲಿ ಏನು ಉಣ್ಣುತ್ತದೆ’ ಎಂದು ಕೇಳಿದವರು ಅವರು. ಇನ್ನೊಬ್ಬರು ಆಲ್‌ಫ್ರೆಡ್ ಸಾಮರ್. ಇಂಡೋನೇಷ್ಯಾದಲ್ಲಿ ಕೆಲಸ ಮಾಡಿ, ಇರುಳುಗಣ್ಣು ಇರುವ ಮಕ್ಕಳು ಉಳಿದ ಮಕ್ಕಳಿಗಿಂತ ಹೆಚ್ಚಾಗಿ ಸಾಯುತ್ತಾರೆ ಎಂದು 1983ರಲ್ಲಿ ತೋರಿಸಿದರು. ಒಣಗಿದ ಕಣ್ಣು ಇಡೀ ದೇಹದ ಬಡತನದ ಗುರುತು ಎಂದು ಆಗ ಜಗತ್ತಿಗೆ ತಿಳಿಯಿತು.

ಇಂದು ನಮ್ಮ ದೇಶದಲ್ಲಿ ಕಣ್ಣು ಕರಗಿ ಕುರುಡಾಗುವ ಮಗು ಅಪರೂಪ. ಇದಕ್ಕೆ ಹನಿಯೂ ಕಾರಣ, ಲಸಿಕೆಯೂ ಕಾರಣ, ಊಟ ಸುಧಾರಿಸಿದ್ದೂ ಕಾರಣ. ಯಾವುದರ ಪಾಲು ಎಷ್ಟು ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ನಡೆದಿದೆ. ವಿಶೇಷವೆಂದರೆ, ಸ್ವತಃ ಗೋಪಾಲನ್ ಅವರೇ ಮುಂದೆ, ಹನಿ ತಾತ್ಕಾಲಿಕ, ಶಾಶ್ವತ ಪರಿಹಾರ ಊಟದಲ್ಲೇ ಇದೆ ಎಂದು ವಾದಿಸಿದರು.

ಎರಡನೆಯ ಒಣಗುವಿಕೆ

ಈಗ ನಮ್ಮ ಮನೆಯ ದೂರಿಗೆ ಬರೋಣ. 1933ರಲ್ಲಿ ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್, ಕಣ್ಣು ಮತ್ತು ಬಾಯಿ ಎರಡೂ ಒಣಗುವ, ಜೊತೆಗೆ ಕೀಲು ನೋಯುವ ಮಹಿಳೆಯರ ಬಗ್ಗೆ ಪ್ರಬಂಧ ಬರೆದರು. ಇವರು ಬರಗಾಲದ ಮಕ್ಕಳಲ್ಲ. ಇವರ ಕಣ್ಣೀರಿನ ಗ್ರಂಥಿಗಳೇ ಸೋತಿದ್ದವು. ಒಣಗಣ್ಣಿನ ಇನ್ನೊಂದು ಚರಿತ್ರೆ ಇಲ್ಲಿಂದ ಬೆಳೆಯಿತು.

ಕಣ್ಣೀರು ಬರೀ ನೀರಲ್ಲ. ಕೆಳಗೆ ಲೋಳೆ, ನಡುವೆ ನೀರು, ಮೇಲೆ ತೆಳ್ಳನೆಯ ಎಣ್ಣೆ. ಆ ಎಣ್ಣೆ ರೆಪ್ಪೆಯ ಅಂಚಿನ ಸಣ್ಣ ಗ್ರಂಥಿಗಳಿಂದ ಬರುತ್ತದೆ. ಅದು ನೀರು ಆರಿಹೋಗದಂತೆ ತಡೆಯುತ್ತದೆ. ನಾವು ಸಾಮಾನ್ಯವಾಗಿ ನಿಮಿಷಕ್ಕೆ 15 ಸಲದಂತೆ ರೆಪ್ಪೆ ಬಡಿಯುತ್ತೇವೆ. ಪರದೆ ನೋಡುವಾಗ ಅದು ಅರ್ಧಕ್ಕೂ ಇಳಿಯಬಹುದು. ಫ್ಯಾನಿನ ಗಾಳಿ, ಬೇಸಿಗೆಯ ಒಣಹವೆ, ಒಲೆಯ ಹೊಗೆ, ನೆಗಡಿಯ ಕೆಲವು ಮಾತ್ರೆಗಳು, ಮಧುಮೇಹ, ಕೀಲುವಾತ, ಮುಟ್ಟು ನಿಂತ ವಯಸ್ಸು, ಇವೆಲ್ಲ ಕಾರಣಗಳೇ. ಮೊದಲ ಬಗೆಯಲ್ಲಿ ಕೆಟ್ಟದ್ದು ಲೋಳೆಯ ಪದರ, ಕಾರಣ ಊಟ. ಎರಡನೆಯದರಲ್ಲಿ ಹೆಚ್ಚಾಗಿ ಕೆಡುವುದು ನೀರು ಅಥವಾ ಎಣ್ಣೆ, ಕಾರಣಗಳು ಹಲವು.

ಹಾಗಾದರೆ ಮೀನೆಣ್ಣೆಯ ಒಮೆಗಾ-3 ಮಾತ್ರೆ? ಅಮೆರಿಕದಲ್ಲಿ ಇದನ್ನು 535 ಜನರ ಮೇಲೆ ಒಂದು ವರ್ಷ ಪರೀಕ್ಷಿಸಿ 2018ರಲ್ಲಿ ಫಲ ಪ್ರಕಟಿಸಿದರು. ಒಂದು ಗುಂಪಿಗೆ ದಿನಕ್ಕೆ 3000 ಮಿಲಿಗ್ರಾಂ ಒಮೆಗಾ-3, ಇನ್ನೊಂದು ಗುಂಪಿಗೆ ಅದರಂತೆಯೇ ಕಾಣುವ ಆಲಿವ್ ಎಣ್ಣೆಯ ಮಾತ್ರೆ. ಎರಡೂ ಗುಂಪಿನವರಿಗೆ ಸ್ವಲ್ಪ ಹಾಯೆನಿಸಿತು, ಆದರೆ ಒಮೆಗಾ-3 ತಿಂದವರಿಗೆ ಹೆಚ್ಚಿನ ಗುಣವೇನೂ ಸಿಗಲಿಲ್ಲ. ಅಗಸೆ ಚಟ್ನಿ, ಮೀನು ತಿನ್ನುವುದು ದೇಹಕ್ಕೆ ಒಳ್ಳೆಯದೇ, ತಿನ್ನೋಣ. ಆದರೆ ಅದೇ ಒಣಗಣ್ಣಿನ ಮದ್ದು ಎಂದು ದುಬಾರಿ ಡಬ್ಬಿ ಕೊಳ್ಳುವ ಮೊದಲು ಯೋಚಿಸೋಣ.

ವಿಟಮಿನ್ ಎ ಮಾತ್ರೆಯ ವಿಷಯದಲ್ಲಂತೂ ಎಚ್ಚರ ಬೇಕು. ಯಕೃತ್ತಿನಲ್ಲಿ ಕೂಡಿಡುವ ಗುಣವೇ ಇಲ್ಲಿ ಅಪಾಯ. ಹೆಚ್ಚಾದದ್ದು ಹೊರಹೋಗದೆ ಯಕೃತ್ತಿಗೇ ಹಾನಿ ಮಾಡುತ್ತದೆ. ಬಸುರಿಯರು ವೈದ್ಯರು ಹೇಳದೆ ಹೆಚ್ಚಿನ ಪ್ರಮಾಣದ ವಿಟಮಿನ್ ಎ ತಿಂದರೆ ಹೊಟ್ಟೆಯ ಮಗುವಿಗೆ ಅಂಗದೋಷ ಬರಬಹುದು. ಸೊಪ್ಪು, ಗಜ್ಜರಿಯಿಂದ ಈ ಭಯವಿಲ್ಲ, ಏಕೆಂದರೆ ದೇಹ ತನಗೆ ಬೇಕಾದಷ್ಟನ್ನೇ ಮಾರ್ಪಡಿಸಿಕೊಳ್ಳುತ್ತದೆ.

ನಾವು ಮಾಡಬಹುದಾದದ್ದು

ನಮ್ಮ ಸೀಮೆಯಲ್ಲಿ ಹಬ್ಬದ ಊಟವೇ ಒಂದು ಪಾಠ. ಎಳ್ಳಮಾವಾಸ್ಯೆಗೆ, ಮರಾಠಿಯವರ ‘ಯೇಳವಸ’ಕ್ಕೆ, ಹೊಲದಲ್ಲಿ ಕೂತು ಉಣ್ಣುವ ಭಜ್ಜಿಯಲ್ಲಿ ಸೊಪ್ಪು, ಗಜ್ಜರಿ, ಹಸಿ ಕಾಳು ಎಲ್ಲ ಇರುತ್ತವೆ. ಅದನ್ನು ವರ್ಷಕ್ಕೊಂದು ದಿನ ಉಂಡರೆ ಸಾಲದು. ವಾರದಲ್ಲಿ ಮೂರು ನಾಲ್ಕು ದಿನವಾದರೂ ಒಗ್ಗರಣೆ ಹಾಕಿದ ಸೊಪ್ಪಿನ ಪಲ್ಯ ನಮ್ಮ ತಟ್ಟೆಯಲ್ಲಿರಲಿ. ಹಿತ್ತಲಲ್ಲಿ ಒಂದು ನುಗ್ಗೆ, ಒಂದು ಕರಿಬೇವು, ಒಂದು ಪಪ್ಪಾಯಿ ಗಿಡ ಹಾಕೋಣ. ನುಗ್ಗೆ ಬರದಲ್ಲೂ ಹಸಿರಾಗಿ ನಿಲ್ಲುವ ಮರ.

ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು ಎಂದೂ ನೋಡೋಣ. ಸಾಮಾನ್ಯವಾಗಿ ಅವ್ವ, ಸೊಸೆ. ಪಲ್ಯ ಮುಗಿದು ರೊಟ್ಟಿ, ಖಾರ ಉಳಿದಿರುವ ಹೊತ್ತದು. ಇರುಳುಗಣ್ಣು ಬಸುರಿಯರಿಗೂ ಬರುವ ರೋಗ. ಅವರ ಪಾಲನ್ನು ಮೊದಲೇ ತೆಗೆದಿಡುವುದಕ್ಕೆ ಯಾವ ಔಷಧದ ಖರ್ಚೂ ಇಲ್ಲ.

ಇನ್ನೊಂದು ಮುಖ್ಯ ಮಾತು. ದೀಪಾವಳಿಯ ಸುಮಾರಿಗೆ ಮರಾಠವಾಡದ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಊರು ಬಿಡುತ್ತವೆ. ಅಂಗನವಾಡಿಯಲ್ಲಿ ಹನಿ ಹಾಕುವ ದಿನ ಆ ಮಕ್ಕಳು ಊರಲ್ಲಿರುವುದಿಲ್ಲ. ಅವರ ತಾಯಿ ಕಾರ್ಡನ್ನು ಒಮ್ಮೆ ತೆರೆದು, ಯಾವ ಸುತ್ತು ತಪ್ಪಿದೆ ಎಂದು ನೋಡಿ, ಆಶಾ ಅಕ್ಕನಿಗೆ ತಿಳಿಸುವ ಕೆಲಸವನ್ನು ನಮ್ಮ ಯುವಕರ ಗುಂಪು ಸುಲಭವಾಗಿ ಮಾಡಬಹುದು. ಕತ್ತಲಲ್ಲಿ ತಡವರಿಸುವ, ಕಣ್ಣಿನ ಬಿಳಿಭಾಗದಲ್ಲಿ ನೊರೆಯಂಥ ಮಚ್ಚೆ ಇರುವ ಮಗು ಕಂಡರೆ ನಾಳೆಗೆ ಬಿಡದೆ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು.

ನಮ್ಮದೇ ಕಣ್ಣು ಉರಿಯುತ್ತಿದ್ದರೆ ಮೊಬೈಲ್ ಕೆಳಗಿಟ್ಟು ಆಗಾಗ ದೂರ ನೋಡೋಣ, ಬೇಕೆಂದೇ ರೆಪ್ಪೆ ಬಡಿಯೋಣ, ಮುಖಕ್ಕೆ ನೇರ ಗಾಳಿ ಬೀಸದಂತೆ ಫ್ಯಾನ್ ತಿರುಗಿಸೋಣ, ಬೆಚ್ಚನೆಯ ಒದ್ದೆ ಬಟ್ಟೆಯನ್ನು ಮುಚ್ಚಿದ ರೆಪ್ಪೆಯ ಮೇಲೆ ಇಟ್ಟುಕೊಳ್ಳೋಣ. ವಾರಗಟ್ಟಲೆ ಹೋಗದಿದ್ದರೆ, ನೋವಿದ್ದರೆ, ನೋಟ ಮಸುಕಾದರೆ, ಬಾಯಿಯೂ ಒಣಗಿ ಕೀಲು ನೋಯುತ್ತಿದ್ದರೆ ಕಣ್ಣಿನ ವೈದ್ಯರಲ್ಲಿಗೆ ಹೋಗೋಣ. ಹರಳೆಣ್ಣೆ, ಈರುಳ್ಳಿ ರಸ ಎಂದು ಯಾರಾದರೂ ಹೇಳಿದ್ದನ್ನು ಕಣ್ಣಿಗೆ ಬಿಟ್ಟುಕೊಳ್ಳುವುದು ಬೇಡ.

ಬೋರ್ಡೋದಿಂದ ಹೈದರಾಬಾದಿನವರೆಗೆ ವೈದ್ಯರು ನೂರು ವರ್ಷ ಕೇಳಿದ ಪ್ರಶ್ನೆ ಒಂದೇ: ಈ ಮಗು ಏನು ಉಣ್ಣುತ್ತಿದೆ? ಈ ವಾರ ನಮ್ಮ ಓಣಿಯ ಪ್ರತಿ ಮಗುವಿನ ಬಗ್ಗೆ ನಾವೂ ಅದನ್ನೇ ಕೇಳೋಣ.